ಟಿಕ್ ಹಾಕಿದ ಹೆಸರುಗಳು

2018ರ ಮೇ 15ರಂದು ವಿಧಾನಸಭೆ ಚುನಾವಣೆಯ ಎಣಿಕೆ ಮುಗಿದ ಮೇಲೆ ಎಂಟು ತಿಂಗಳು ನಾನು ನಮ್ಮೂರ ಕೆರೆ ಬೀದಿಗೆ ಕಾಲಿಡಲಿಲ್ಲ. ತೋಟಕ್ಕೆ ಹೋಗಲು ಅದೇ ಹತ್ತಿರದ ದಾರಿ. ಆದರೂ ಊರ ಹಿಂದಿನ ಗಾಡಿ ಜಾಡು ಹಿಡಿದು ಸುತ್ತಿಕೊಂಡು ಹೋಗುತ್ತಿದ್ದೆ. ಅಮ್ಮ ಒಂದೆರಡು ಸಲ ಯಾಕೆಂದು ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಆ ಬೀದಿಯಲ್ಲಿ ಯಾರ ಜೊತೆಗೂ ನನಗೆ ಜಗಳವಾಗಿರಲಿಲ್ಲ, ಯಾರೂ ಒಂದು ಕೆಟ್ಟ ಮಾತು ಆಡಿರಲಿಲ್ಲ. ಹಾಗೆ ನೋಡಿದರೆ ಪ್ರಚಾರದ ದಿನಗಳಲ್ಲಿ ನಮ್ಮನ್ನು ಜಗಲಿ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಅತಿ ಹೆಚ್ಚು ಹೊತ್ತು ಮಾತಾಡಿಸಿದ ಬೀದಿ ಅದೇ. ಒಟ್ಟು 38 ಮನೆ. ಅಷ್ಟೂ ಮನೆಯ ಮತದಾರರ ಹೆಸರು ನನ್ನ ನೋಟ್‌ಬುಕ್ಕಿನಲ್ಲಿದ್ದವು. ಬಹುಪಾಲು ಹೆಸರಿನ ಮುಂದೆ ನಾನೇ ಹಾಕಿದ ಟಿಕ್ ಗುರುತಿತ್ತು. ಆ ಟಿಕ್‌ಗಳೇ ನನ್ನನ್ನು ಆ ಬೀದಿಯಿಂದ ದೂರ ಇಟ್ಟದ್ದು.

ಇದನ್ನು ಇಷ್ಟು ವರ್ಷದ ಮೇಲೆ ಬರೆಯಲು ಕೂತದ್ದಕ್ಕೆ ಕಾರಣ ಒಬ್ಬ ಹುಡುಗನ ಫೋನು. ಪಕ್ಕದ ತಾಲೂಕಿನವನು. ಯಾವುದೋ ಸಹಕಾರ ಸಂಘದ ಚುನಾವಣೆಯಲ್ಲಿ ತನಗೆ ಬೇಕಾದವರ ಪರವಾಗಿ ತಿಂಗಳುಗಟ್ಟಲೆ ಓಡಾಡಿ, ಸೋತು, ಊಟ ನಿದ್ದೆ ಬಿಟ್ಟಿದ್ದ. "ಜನರ ಮೇಲಿನ ನಂಬಿಕೆನೇ ಹೊರಟೋಯ್ತು ಅಣ್ಣ" ಎಂದ. ನಾನು ಏನೋ ಸಮಾಧಾನ ಹೇಳಿ ಫೋನಿಟ್ಟೆ. ಇಟ್ಟ ಮೇಲೆ ಬೇಸರವಾಯಿತು. ಅವನಿಗೆ ಹೇಳಿದ್ದು ಎಲ್ಲರೂ ಹೇಳುವ ಮಾತು. ನನಗೆ ಆದದ್ದನ್ನು ಹೇಳಲಿಲ್ಲ.

ಹೊಲಿಗೆ ಯಂತ್ರ

ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲೂಕು. ಆ ಸಲ ಮೇಷ್ಟ್ರು ನಿಂತರು. ಅವರ ಹೆಸರು ಬೇಡ, ನಾವ್ಯಾರೂ ಅವರನ್ನು ಹೆಸರು ಹಿಡಿದು ಕರೆದವರೂ ಅಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತರಾಗಿದ್ದರು. ಕೆರೆಗೆ ನೀರು, ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ಬಸ್ಸು ಅಂತ ಅರ್ಜಿ ಹಿಡಿದು ಓಡಾಡಿ ಓಡಾಡಿ, ಕೊನೆಗೆ ನಾವೇ ನಿಂತುಬಿಡೋಣ ಎನ್ನುವ ತೀರ್ಮಾನಕ್ಕೆ ಬಂದಿದ್ದರು. ಪಕ್ಷೇತರ. ಅಭ್ಯರ್ಥಿಯೊಬ್ಬರು 28 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು ಎಂದು ಆಗ ಮಿತಿಯಿತ್ತು. ನಾವು ಎರಡು ಲಕ್ಷವನ್ನೂ ದಾಟಲಿಲ್ಲ. 10,000 ರೂಪಾಯಿ ಠೇವಣಿಯನ್ನು ಅವರ ಹಳೇ ವಿದ್ಯಾರ್ಥಿಗಳು ಕೂಡಿಸಿ ಕೊಟ್ಟಿದ್ದರು. ಚಿಹ್ನೆ ಹೊಲಿಗೆ ಯಂತ್ರ. ಚಿಹ್ನೆ ಸಿಕ್ಕ ದಿನ ನಮ್ಮೂರ ಟೈಲರ್ ಅಕ್ಕ ಅಂಗಡಿ ಬಾಗಿಲು ಹಾಕಿಕೊಂಡು ಬಂದಳು. "ನನ್ ಮಿಷನ್ನೇ ಎಲೆಕ್ಷನ್ನಿಗೆ ನಿಂತಿರೋವಾಗ ನಾನು ಮನೇಲಿ ಕೂರಾಕಾಯ್ತದಾ?" ಎಂದಳು. ಅವತ್ತಿನಿಂದ ಮನೆಮನೆ ಸುತ್ತುವುದಕ್ಕೆ ನನ್ನ ಜೊತೆ ಅವಳೇ.

ಪ್ರಚಾರದಲ್ಲಿ ಓಡಾಡದವರಿಗೆ ಒಂದು ಮಾತು ಹೇಳಬೇಕು. ಆ ಮೂರು ವಾರ ಮನುಷ್ಯ ತನ್ನ ಊರನ್ನು ಹೊಸದಾಗಿ ನೋಡುತ್ತಾನೆ. ಹುಟ್ಟಿದಾಗಿನಿಂದ ನಡೆದ ಬೀದಿಯಲ್ಲೇ ಎಂದೂ ಹೊಸಿಲು ದಾಟದ ಮನೆಗಳಿರುತ್ತವೆ. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಮಗ ಬೆಂಗಳೂರಿಂದ ದುಡ್ಡು ಕಳಿಸುವುದನ್ನು ನಿಲ್ಲಿಸಿದ್ದಾನೆ, ಯಾವ ಮನೆಯ ನಲ್ಲಿಗೆ ನೀರೇ ಬರುವುದಿಲ್ಲ, ಎಲ್ಲ ತಿಳಿಯುತ್ತದೆ. ಕೆರೆ ಬೀದಿಯ ತುದಿಮನೆಯಲ್ಲಿ ಒಬ್ಬ ಅಜ್ಜಿ, ಆಕೆಯ ಜೊತೆ ಹತ್ತು ಹನ್ನೊಂದು ವರ್ಷದ ಮೊಮ್ಮಗಳು. ಅಜ್ಜಿ ನಮ್ಮ ಕರಪತ್ರವನ್ನು ಬೆಳಕಿಗೆ ಹಿಡಿದು, ಹೊಲಿಗೆ ಯಂತ್ರದ ಚಿತ್ರದ ಮೇಲೆ ಬೆರಳಾಡಿಸಿದಳು. "ನಿಮ್ ಮೇಷ್ಟ್ರಿಗೇ ಒತ್ತೀನಿ ಬುಡಪ್ಪ. ನನ್ ಮಗನಿಗೆ ಅಕ್ಷರ ಕಲ್ಸಿದ್ದೋರು ಅವ್ರು." ನಾನು ಟಿಕ್ ಹಾಕಿಕೊಂಡೆ. ಏಳುವಾಗ ಆಕೆ ನನ್ನ ಕೈ ಹಿಡಿದು, "ಅದಿರ್ಲಿ, ನನ್ ಪಿಂಚಣಿ ಅರ್ಜಿ ಏನಾಯ್ತು ಅಂತ ಒಸಿ ನೋಡಪ್ಪ" ಎಂದಳು. ಎಲೆಕ್ಷನ್ ಮುಗಿಯಲಿ ಅಜ್ಜಿ, ನಾನೇ ಬಂದು ಮಾಡಿಸಿಕೊಡ್ತೀನಿ ಎಂದೆ. ಟಿಕ್ ಪಕ್ಕದಲ್ಲಿ ಸಣ್ಣದಾಗಿ 'ಪಿಂ' ಎಂದು ಬರೆದುಕೊಂಡೆ.

47

ಮೇ 12ರ ಬೆಳಗ್ಗೆ ನಮ್ಮೂರ ಶಾಲೆಯ ಮತಗಟ್ಟೆಯಲ್ಲಿ ಮೇಷ್ಟ್ರ ಪರವಾಗಿ ನಾನೇ ಏಜೆಂಟು. ಮತದಾನ ಏಳಕ್ಕೆ, ಅಣಕು ಮತದಾನ ಆರಕ್ಕೆ. ಏಜೆಂಟರೆಲ್ಲರೂ ಸೇರಿ ಕನಿಷ್ಠ 50 ಓಟು ಒತ್ತಿ, ಎಣಿಸಿ, ಅಳಿಸಿ, ಆಮೇಲೆ ಯಂತ್ರಕ್ಕೆ ಸೀಲು ಹಾಕುತ್ತಾರೆ. ಹೊಲಿಗೆ ಯಂತ್ರದ ಪಕ್ಕದ ನೀಲಿ ಗುಂಡಿಯನ್ನು ನಾನು ಐದು ಸಲ ಒತ್ತಿದೆ. ಪ್ರತಿ ಸಲವೂ ಮತದ ಚೀಟಿ ತೋರಿಸುವ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ನಮ್ಮ ಚಿಹ್ನೆ ಏಳು ಸೆಕೆಂಡು ನಿಂತು, ಕತ್ತರಿಸಿಕೊಂಡು ಕೆಳಗೆ ಬಿತ್ತು. ಸಂಜೆ ಅಧಿಕಾರಿ ಮತದಾನ ಮುಗಿಸುವ ಗುಂಡಿ ಒತ್ತಿ, ಬಿದ್ದ ಒಟ್ಟು ಮತದ ಲೆಕ್ಕವಿರುವ ಫಾರಂ 17ಸಿ ಪ್ರತಿಯನ್ನು ನನ್ನ ಕೈಗಿತ್ತರು. 794. ಆ ಕಾಗದವನ್ನು ಮೂರು ದಿನ ಶರ್ಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಆ ಮೂರು ದಿನವೂ ಕೂಡುವುದು, ಕಳೆಯುವುದು. ನಮ್ಮ ಬೂತಿನಲ್ಲಿ ನನ್ನ ಟಿಕ್ 212. ಅದರಲ್ಲಿ ಕಾಲು ಭಾಗ ಕೈಕೊಟ್ಟರೂ ನೂರೈವತ್ತು. ಪ್ರತಿ ಬೂತಿನಲ್ಲೂ ನೂರು ಬಂದರೆ ಸಾಕಲ್ಲ ಎಂದು ಟೈಲರ್ ಅಕ್ಕನ ಅಂಗಡಿಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆವು.

ತುಮಕೂರಿನ ಎಣಿಕೆ ಕೇಂದ್ರದಲ್ಲಿ ಪ್ರತಿ ಮೇಜಿಗೂ ಅಡ್ಡಲಾಗಿ ತಂತಿ ಜಾಲರಿ. ಅದರ ಆಚೆ ಸಿಬ್ಬಂದಿ, ಈಚೆ ನಾವು ಎಣಿಕೆ ಏಜೆಂಟರು. ಯಾವ ಬೂತಿನ ಯಂತ್ರ ಯಾವ ಮೇಜಿಗೆ ಬರುತ್ತದೆಂಬುದು ಕ್ರಮಸಂಖ್ಯೆಯ ಲೆಕ್ಕ, ನಮ್ಮ ಕೈಯಲ್ಲಿಲ್ಲ. ನಾನು ಕೂತ ಮೇಜಿಗೇ ನಮ್ಮೂರ ಯಂತ್ರ ಬಂತು. ಪೆಟ್ಟಿಗೆ ತೆರೆದರು. ಸೀಲಿನ ಮೇಲೆ ಮೂರು ದಿನದ ಹಿಂದೆ ನಾನೇ ಹಾಕಿದ ಸಹಿ ಇತ್ತು. ಒಟ್ಟು ಮತ 794, ನನ್ನ ಜೇಬಿನ ಕಾಗದಕ್ಕೆ ಸರಿಹೋಯಿತು. ಸಿಬ್ಬಂದಿಯಲ್ಲಿ ಒಬ್ಬಾಕೆ ಯಂತ್ರವನ್ನು ಜಾಲರಿಗೆ ಕಾಣುವಂತೆ ಎತ್ತಿ ಹಿಡಿದು ಫಲಿತಾಂಶದ ಗುಂಡಿ ಒತ್ತಿದಳು. ಅಭ್ಯರ್ಥಿಗಳ ಸಂಖ್ಯೆ ಒಂದೊಂದಾಗಿ ಬರುತ್ತದೆ. ಒಂದು, ಅದರ ಮತ. ಎರಡು, ಅದರ ಮತ. ನಮ್ಮದು ಒಂಬತ್ತು. ಕೆಂಪು ಅಂಕಿಯಲ್ಲಿ 47 ಎಂದು ಬಂತು. ನಾನು ತಪ್ಪು ಓದಿದೆನೇನೋ ಎಂದು, ಇನ್ನೊಂದು ಸಲ ತೋರಿಸ್ತೀರಾ ಮೇಡಂ ಎಂದೆ. ಆಕೆ ಬೇಸರ ಮಾಡಿಕೊಳ್ಳದೆ ಮತ್ತೆ ಒತ್ತಿದಳು. ಒಂದರಿಂದ ಒಂಬತ್ತರವರೆಗೆ ಕಾಯಬೇಕಾಯಿತು. 47.

ಆ ಹೊತ್ತಿನಲ್ಲಿ ನನ್ನ ಮನಸ್ಸಿಗೆ ಮೇಷ್ಟ್ರು ಬರಲಿಲ್ಲ, ಕೆರೆಯೂ ಬರಲಿಲ್ಲ. ಬಂದದ್ದು ಮುಖಗಳು. 212ರಲ್ಲಿ 47 ಕಳೆದರೆ 165. ಆ 165 ಜನ ಯಾರು? ನನ್ನ ಕಣ್ಣಲ್ಲಿ ಕಣ್ಣಿಟ್ಟು ಹಾಕ್ತೀವಿ ಎಂದವರಲ್ಲಿ ಹಾಕದವರು ಯಾರು? ಗುಟ್ಟಿನ ಮತದಾನದ ಹಿರಿಮೆಯನ್ನು ನಾನೂ ಊರೆಲ್ಲ ಹೇಳಿಕೊಂಡು ಬಂದವನೇ. ಆದರೆ ಅವತ್ತು ಅದೇ ಗುಟ್ಟು ಎದೆಗೆ ಕಲ್ಲು ಕಟ್ಟಿದಂತಾಯಿತು. ಯಾರೆಂದು ಗೊತ್ತಾಗಿದ್ದರೆ ಅವರೊಬ್ಬರ ಮೇಲೆ ಕೋಪ ಮಾಡಿಕೊಂಡು ಮುಗಿಸಬಹುದಿತ್ತು. ಗೊತ್ತಿಲ್ಲದ್ದರಿಂದ ಎದುರಿಗೆ ಬಂದವರೆಲ್ಲರೂ ಆ 165ರಲ್ಲಿ ಒಬ್ಬರಾದರು. ಚಲಾವಣೆಯಾದ ಮತದ ಆರನೇ ಒಂದು ಭಾಗ ಬರದಿದ್ದರೆ ಠೇವಣಿ ಹೋಗುತ್ತದೆ. ನಮಗೆ ಅದರ ಹತ್ತಿರಕ್ಕೂ ಬರಲಿಲ್ಲ. ಸಂಜೆ ಟೆಂಪೊದಲ್ಲಿ ಊರಿಗೆ ವಾಪಸು ಬರುವಾಗ ಟೈಲರ್ ಅಕ್ಕ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಇಳಿಯುವಾಗ ಮಾತ್ರ, "ಗೋಡೆ ಮೇಲಿನ ಲೆಕ್ಕ ನಾನೇ ಅಳಿಸ್ತೀನಿ, ನೀನು ಬರಬ್ಯಾಡ" ಎಂದಳು.

ಸೋತವರ ಕತೆಗಳು

ಸೋತ ಮನೆಗೆ ಬಂದವರು ಹೇಳುವ ಕತೆಗಳು ಗೊತ್ತೇ ಇವೆ. ಅಂಬೇಡ್ಕರ್ ಅವರೇ 1952ರಲ್ಲಿ ಸೋತಿರಲಿಲ್ಲವೇ? ಕೈಗಾ ಅಣುಸ್ಥಾವರ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ನಿಂತಾಗ ಜನ ಗೆಲ್ಲಿಸಿದರೇ? ಮೇಷ್ಟ್ರು ತಾವೇ ನನ್ನನ್ನು ಕರೆಸಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಕತೆ ಹೇಳಿದರು. ಗೇಣಿ ರೈತರ ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ಒಂದು ಓಟು ಒಂದು ನೋಟು ಎಂದು ಜನರ ಹತ್ತಿರವೇ ಕೇಳಿ ಗೆದ್ದವರು. 1957ರಲ್ಲಿ ಸೋತರು. 1962ರಲ್ಲಿ ಮತ್ತೆ ಗೆದ್ದು ಬಂದರು. ಇನ್ನು ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದ ಕತೆಯನ್ನು ಹೇಳದವರೇ ಇಲ್ಲ. 2004ರಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ.

ಈ ಕತೆಗಳು ಸುಳ್ಳಲ್ಲ. ಕೇಳಲು ಚೆನ್ನಾಗಿಯೂ ಇವೆ. ಆದರೆ ಇವೆಲ್ಲ ಅಭ್ಯರ್ಥಿಗೆ ಹೇಳುವ ಸಮಾಧಾನ. ಐದು ವರ್ಷ ಬಿಟ್ಟು ಗೆದ್ದರೆ ಅಭ್ಯರ್ಥಿಯ ಸೋಲಿಗೆ ಒಂದು ಅರ್ಥ ಬಂದುಬಿಡುತ್ತದೆ. ನನ್ನ ತಲೆ ಕೊರೆಯುತ್ತಿದ್ದದ್ದು ಬೇರೆ. 1957ರಲ್ಲಿ ಗೋಪಾಲಗೌಡರಿಗಾಗಿ ಮಲೆನಾಡಿನ ಮನೆಮನೆ ತಿರುಗಿ, ಆ ಒಂದೊಂದು ನೋಟು ಕೂಡಿಸಿದ ಹುಡುಗರು ಇದ್ದರಲ್ಲ, ಅವರು ಎಣಿಕೆಯ ಮಾರನೇ ದಿನ ಹೇಗೆ ಊರೊಳಗೆ ನಡೆದರು? ಅಡಿಕೆ ತೋಟಕ್ಕೆ ಹೋಗುವಾಗ ಯಾವ ದಾರಿ ಹಿಡಿದರು? 1962ರಲ್ಲಿ ಮತ್ತೆ ಅದೇ ಬಾಗಿಲು ಬಡಿದವರು ಅವರೇನಾ, ಅಥವಾ ಅವರೆಲ್ಲ ಹಿಂದೆ ಸರಿದು ಹೊಸಬರು ಬಂದಿದ್ದರಾ? ಸಂತೇಮರಹಳ್ಳಿಯಲ್ಲಿ ಸೋತ ಕಡೆಯ ಒಬ್ಬೊಬ್ಬ ಕಾರ್ಯಕರ್ತನೂ ತಾನು ಕರೆದುಕೊಂಡು ಬರದ ಒಬ್ಬ ಮತದಾರನ ಮುಖವನ್ನು ಎಷ್ಟು ವರ್ಷ ನೆನೆಸಿಕೊಂಡಿರಬಹುದು? ಚರಿತ್ರೆಯಲ್ಲಿ ಇವರ ಸುದ್ದಿ ಇಲ್ಲ. ಇದ್ದಿದ್ದರೆ ನಾನು ಅದನ್ನೇ ಓದುತ್ತಿದ್ದೆ.

ತುದಿಮನೆ

2019ರ ಜನವರಿ, ಸಂಕ್ರಾಂತಿಗೆ ನಾಲ್ಕು ದಿನ ಇತ್ತು. ಗಾಡಿ ಜಾಡಿನಲ್ಲಿ ಅಜ್ಜಿ ಸೌದೆ ಹೊರೆ ಇಳಿಸಿಕೊಂಡು ಕೂತಿದ್ದಳು. ತಪ್ಪಿಸಿಕೊಳ್ಳಲು ಆಗಲಿಲ್ಲ. ಹೊರೆ ಎತ್ತಿ ತಲೆಗೆ ಇಡು ಅನ್ನುತ್ತಾಳೆ ಎಂದುಕೊಂಡು ಹತ್ತಿರ ಹೋದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಎಲೆಕ್ಷನ್ ಆದ್ಮೇಲೆ ನೀನೂ ಬರಾದು ಬುಟ್ಯೇನಪ್ಪ?"

ನೀನೂ. ಆ ಒಂದು ದೀರ್ಘ ನನ್ನನ್ನು ಅಲ್ಲೇ ನಿಲ್ಲಿಸಿತು. ಐದು ವರ್ಷಕ್ಕೊಮ್ಮೆ ಮುಖ ತೋರಿಸುವವರು ಎಂದು ಮೂರು ವಾರ ಬಾಗಿಲು ಬಾಗಿಲಿಗೆ ಹೋಗಿ ಬೇರೆಯವರನ್ನು ದೂರಿದ್ದು ನಾನು. ಸೋತ ನೋವನ್ನು ಎದೆಗೆ ಅವುಚಿಕೊಂಡು, ಮೋಸ ಹೋದವನು ನಾನು ಎಂದುಕೊಂಡೇ ಎಂಟು ತಿಂಗಳು ಕಳೆದಿದ್ದೆ. ಆ ಎಂಟು ತಿಂಗಳೂ ಆ ಅಜ್ಜಿ, ಟಿಕ್ ಪಕ್ಕದ 'ಪಿಂ' ಎಂಬ ಅಕ್ಷರಕ್ಕಾಗಿ ಕಾದಿದ್ದಳು. ಮಾತು ಕೊಟ್ಟು ತಪ್ಪಿದವರ ಪಟ್ಟಿ ಮಾಡುತ್ತ ಕೂತವನು, ಆ ಪಟ್ಟಿಯಲ್ಲಿ ಮೊದಲು ಬರೆಯಬೇಕಾದ ಹೆಸರನ್ನೇ ಬಿಟ್ಟಿದ್ದೆ.

ನನ್ನಿಂದ ಮಾತು ಹೊರಡಲಿಲ್ಲ. ಆಕೆಯೇ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. "ನಿಂಗೆ ಸುಳ್ಳು ಯಾಕೇಳ್ಲಿ. ನಿಮ್ ಮೇಷ್ಟ್ರಿಗೆ ನಾನು ಹಾಕ್ನಿಲ್ಲ ಕಣಪ್ಪ. ಹಿಂದಿನ ರಾತ್ರಿ ಬಂದು ದುಡ್ ಕೊಟ್ಟು, ದೀಪ ಮುಟ್ಸಿ ಆಣೆ ಮಾಡುಸ್ಕಂಡ್ರು. ದೀಪ ಮುಟ್ಟಿದ್ ಕೈಲಿ ಬ್ಯಾರೆ ಒತ್ತಾಕೆ ಆಗ್ನಿಲ್ಲ." ಸ್ವಲ್ಪ ತಡೆದು, "ನಿಮ್ಮುನ್ ಕಂಡ್ರೆ ತಲೆ ತಗ್ಗುಸ್ಬೇಕಲ್ಲ ಅಂತ ಆಗ್ಲಿಂದ ಅದೇ ಕೊರಗು" ಎಂದಳು.

ನಾನು ಆಕೆಯನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದ ಅಷ್ಟು ದಿನವೂ ಆಕೆಯೂ ನನ್ನ ಮುಖ ನೋಡಲು ಅಂಜಿಕೊಂಡಿದ್ದಳು. ಮತವನ್ನು ಕೊಳ್ಳುವುದು ನೀಚತನ, ಅದರಲ್ಲಿ ನನಗೆ ಇವತ್ತಿಗೂ ಎರಡು ಮಾತಿಲ್ಲ. ಆದರೆ ದೀಪದ ಮುಂದೆ ಆಡಿದ ಮಾತಿಗೆ ಕಟ್ಟುಬಿದ್ದ ಆ ಮನಸ್ಸನ್ನು ನಾನು ಹೇಗೆ ಹಳಿಯಲಿ? ಕೊಟ್ಟ ಮಾತಿಗೆ ಅಷ್ಟು ತೂಕ ಕೊಡುವ ಜನ ಇರುವುದರಿಂದಲೇ ಮೇಷ್ಟ್ರಂಥವರು ಇವರ ಮುಂದೆ ಹೋಗಿ ನಿಲ್ಲಬಹುದು. ಆ ಗುಣವನ್ನೇ ಯಾರೋ ಹಿಡಿದು ಬಗ್ಗಿಸಿದ್ದರು. ಕೋಪ ಬರಬೇಕಾದದ್ದು ಬಗ್ಗಿಸಿದವರ ಮೇಲೆ. ಅಷ್ಟು ಸರಳವಾದದ್ದು ಎಂಟು ತಿಂಗಳು ನನ್ನ ತಲೆಗೆ ಹೋಗಿರಲಿಲ್ಲ, ಏಕೆಂದರೆ ಅಷ್ಟು ದಿನ ನಾನು ಕೂಡುತ್ತಾ ಕಳೆಯುತ್ತಾ ಇದ್ದದ್ದು ಅಂಕಿಗಳನ್ನು.

ಮಾರನೇ ದಿನವೇ ಆಕೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ನಾಡಕಚೇರಿಗೆ ಹೋದೆ. ತೊಡಕು ಸಣ್ಣದು. ಆಧಾರ್ ಕಾರ್ಡಿನಲ್ಲಿದ್ದ ಹೆಸರಿಗೂ ಬ್ಯಾಂಕ್ ಪಾಸ್‌ಬುಕ್ಕಿನ ಹೆಸರಿಗೂ ಒಂದಕ್ಷರ ವ್ಯತ್ಯಾಸ. ಅದನ್ನು ಸರಿಮಾಡಿಸಲು ನಾಲ್ಕು ಸಲ ಓಡಾಡಬೇಕಾಯಿತು. ಒಮ್ಮೆ ಸರ್ವರ್ ಇರಲಿಲ್ಲ, ಒಮ್ಮೆ ಬೆರಳಚ್ಚು ಕೂರಲಿಲ್ಲ. ಜೀವಮಾನವಿಡೀ ತೆಂಗಿನ ಮಟ್ಟೆ ಸುಲಿದ ಕೈ, ಗೆರೆಗಳೇ ಸವೆದುಹೋಗಿದ್ದವು. ಸಾಲಿನಲ್ಲಿ ನಿಂತು ಕಾಯುವಾಗ ಆಕೆ ತನ್ನ ಮಗನ ವಿಷಯ, ಕೆರೆ ತುಂಬಿ ಕೋಡಿ ಬಿದ್ದ ಕಾಲದ ವಿಷಯ ಎಲ್ಲ ಹೇಳಿದಳು. ಸಂಧ್ಯಾ ಸುರಕ್ಷಾ ಪಿಂಚಣಿ ಮಂಜೂರಾದ ಕಾಗದ ಬಂದದ್ದು ಯುಗಾದಿ ಕಳೆದ ಮೇಲೆ. ನನ್ನಲ್ಲಿ ಏನೋ ಮತ್ತೆ ಚಿಗುರಿದ್ದು ಆ ಕಾಗದ ಬಂದ ದಿನವೂ ಅಲ್ಲ. ನಾಡಕಚೇರಿಯಿಂದ ಮೂರನೇ ಸಲ ಬರಿಗೈಯಲ್ಲಿ ವಾಪಸು ಬರುವಾಗ, ಬೈಕು ತನ್ನಷ್ಟಕ್ಕೆ ತಾನೇ ಎಂಬಂತೆ ಕೆರೆ ಬೀದಿಗೆ ತಿರುಗಿತು. ಜಗಲಿ ಮೇಲೆ ಕೂತಿದ್ದವರು, ಏನಾಯ್ತಪ್ಪ ಕೆಲಸ ಎಂದು ಕೇಳಿದರು. ನಿಲ್ಲಿಸಿ ಹೇಳಿದೆ. ಅವರಲ್ಲಿ 47ರವರು ಯಾರು, 165ರವರು ಯಾರು ಎಂಬ ಯೋಚನೆ ಬರಲಿಲ್ಲ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ಆಮೇಲಿನದು

2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ನಮ್ಮ ವಾರ್ಡಿನದು ಮಹಿಳೆಗೆ ಮೀಸಲಾದ ಸ್ಥಾನ. ಟೈಲರ್ ಅಕ್ಕ ನಿಂತಳು. ಪಂಚಾಯಿತಿಗೆ ಪಕ್ಷದ ಚಿಹ್ನೆ ಇರುವುದಿಲ್ಲ, ನಮ್ಮ ಕಡೆ ಮತವೂ ಕಾಗದದ್ದೇ. ನಾನು ಅದೇ ನೋಟ್‌ಬುಕ್ ತೆಗೆದುಕೊಂಡು ಹೋದೆ, ಆದರೆ ಟಿಕ್ ಹಾಕಲಿಲ್ಲ. ಹೆಸರಿನ ಮುಂದೆ ನಲ್ಲಿ, ಚರಂಡಿ, ಖಾತೆ, ನರೇಗಾ ಕೂಲಿ ಬಾಕಿ, ಹೀಗೆ ಅವರು ಹೇಳಿದ್ದನ್ನು ಬರೆದುಕೊಂಡೆ. ಡಿಸೆಂಬರ್ 30ರಂದು ಎಣಿಕೆ. ಮಡಿಸಿದ ಕಾಗದಗಳನ್ನು ಕೈಯಲ್ಲಿ ಬಿಡಿಸಿ, ಕಟ್ಟು ಕಟ್ಟಿ ಎಣಿಸುವುದನ್ನು ನೋಡಲು ಹೊಟ್ಟೆ ತೊಳಸುತ್ತಿತ್ತು. ಸಣ್ಣ ಅಂತರದಲ್ಲಿ ಅಕ್ಕ ಗೆದ್ದಳು. ನಾವು ಹೂವಿನ ಹಾರವನ್ನೂ ತಂದಿರಲಿಲ್ಲ. ಮೇಷ್ಟ್ರೇ ಎಲ್ಲಿಂದಲೋ ಎರಡು ಮೊಳ ಸೇವಂತಿಗೆ ತಂದು ಕೊಟ್ಟರು.

ಮೇಷ್ಟ್ರು ಮತ್ತೆ ವಿಧಾನಸಭೆಗೆ ನಿಲ್ಲಲಿಲ್ಲ, ಮಂಡಿ ನೋವು ಜಾಸ್ತಿಯಾಗಿತ್ತು. 2023ರ ಮೇ 13ರಂದು ಅವರ ಮನೆಯಲ್ಲೇ ಕೂತು ಟಿವಿಯಲ್ಲಿ ಫಲಿತಾಂಶ ನೋಡಿದೆವು. ನಮ್ಮ ಕ್ಷೇತ್ರದಲ್ಲಿ ನಮ್ಮವರೆನ್ನುವವರು ಯಾರೂ ಇರಲಿಲ್ಲ. ಆದರೆ ಮೇಲುಕೋಟೆಯದು ಬಂದಾಗ ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ 2018ರ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ ಅವರ ಮಗ ದರ್ಶನ್ ಅಲ್ಲಿ ನಿಂತು, ನಾವು ಸೋತ ದಿನವೇ ಸೋತಿದ್ದರು. ಈ ಸಲ ಗೆದ್ದರು. ನಾನು ಮತ್ತೆ ಯೋಚಿಸಿದ್ದು ನೋಟ್‌ಬುಕ್ ಹಿಡಿದ ಹುಡುಗರನ್ನು. ಹಸಿರು ಟವೆಲ್ ಹೆಗಲಿಗೆ ಹಾಕಿಕೊಂಡು ಐದು ವರ್ಷದ ಹಿಂದೆ ಎಣಿಕೆ ಕೇಂದ್ರದಿಂದ ತಲೆ ತಗ್ಗಿಸಿ ಹೊರಬಂದವರು ಇವತ್ತು ಅಲ್ಲಿ ಇದ್ದಾರಾ? ಇದ್ದರೆ, ಮಧ್ಯದ ಐದು ವರ್ಷ ಅವರನ್ನು ಹಿಡಿದು ನಿಲ್ಲಿಸಿದ್ದು ಯಾವುದು? ಫೋನ್ ಮಾಡಿದ ಆ ಹುಡುಗನಿಗೆ ನಾನು ಈ ಮಧ್ಯದ ಕಾಲದ ಬಗ್ಗೆಯೇ ಹೇಳಬೇಕಿತ್ತು. ಇವತ್ತು ಸಂಜೆ ಫೋನ್ ಮಾಡಿ, ಅವನ ನೋಟ್‌ಬುಕ್ ಇನ್ನೂ ಇದೆಯೇ ಎಂದು ಕೇಳುತ್ತೇನೆ.

ಅಜ್ಜಿ ಹೋದ ವರ್ಷ ಕಾರ್ತಿಕದಲ್ಲಿ ತೀರಿಕೊಂಡಳು. ಪಂಚಾಯಿತಿ ಚುನಾವಣೆಯ ಮಾತು ಮತ್ತೆ ಶುರುವಾಗಿರುವುದರಿಂದ ಮತದಾರರ ಪಟ್ಟಿ ತಿರುವಿ ಹಾಕುತ್ತಿದ್ದಾಗ ಆಕೆಯ ಹೆಸರು ಇನ್ನೂ ಅಲ್ಲೇ ಇದ್ದದ್ದು ಕಂಡಿತು. ಸತ್ತವರ ಹೆಸರು ತೆಗೆಯಲು ಫಾರಂ 7, ಹೊಸದಾಗಿ ಸೇರಿಸಲು ಫಾರಂ 6. ಮೊನ್ನೆ ಭಾನುವಾರ ಎರಡನ್ನೂ ತೆಗೆದುಕೊಂಡು ತುದಿಮನೆಗೆ ಹೋದೆ. ಮೊಮ್ಮಗಳಿಗೆ ಹದಿನೆಂಟು ತುಂಬಿದೆ, ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ರಜೆಗೆ ಬಂದಿದ್ದಳು. ಮೊದಲು ಅಜ್ಜಿಯ ಫಾರಂ ತುಂಬಿದೆವು. ಮರಣ ಪ್ರಮಾಣಪತ್ರದ ನಕಲನ್ನು ಅವಳೇ ಪಿನ್ ಹಾಕಿ ಸೇರಿಸಿದಳು. ಅಜ್ಜಿಯ ಹೆಸರಿನ ಆ ಒಂದಕ್ಷರ ಮತದಾರರ ಪಟ್ಟಿಯಲ್ಲೂ ತಪ್ಪಾಗಿಯೇ ಇತ್ತು. ಇಬ್ಬರೂ ಅದನ್ನು ನೋಡಿದೆವು, ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವಳ ಫಾರಂ. ಹೆಸರನ್ನು ದೊಡ್ಡ ಅಕ್ಷರದಲ್ಲಿ, ಆಧಾರ್ ಕಾರ್ಡು ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಅಕ್ಷರ ಹೋಲಿಸಿ ಬರೆದಳು.

ಸಹಿ ಹಾಕಿ ಕೊಡುವಾಗ, "ಅಣ್ಣ, ಕಾರ್ಡ್ ಬರೋಷ್ಟ್ರಲ್ಲಿ ಎಲೆಕ್ಷನ್ ಬಂದ್ಬಿಟ್ರೆ?" ಎಂದಳು. ಪಟ್ಟಿಯಲ್ಲಿ ಹೆಸರಿದ್ದರೆ ಸಾಕಮ್ಮ, ಆಧಾರ್ ತೋರಿಸಿದರೂ ಆಗುತ್ತೆ ಎಂದೆ. ನೋಟ್‌ಬುಕ್ಕಿನಲ್ಲಿ ತುದಿಮನೆಯ ಸಾಲಿನಲ್ಲಿ ಹಳೆಯ ಟಿಕ್ಕಿನ ಕೆಳಗೆ ಅವಳ ಹೆಸರು ಬರೆದುಕೊಂಡೆ. ನಿಮ್ಮನೆ ಕಡೆ ಏನಾದರೂ ಕೆಲಸ ಬಾಕಿ ಇದೆಯಾ ಎಂದು ಕೇಳಿದೆ. ಹಾಸ್ಟೆಲಿಗೆ ಹೋಗುವ ಬೆಳಗಿನ ಬಸ್ಸು ನಮ್ಮೂರಲ್ಲಿ ನಿಲ್ಲುವುದಿಲ್ಲ, ಎರಡು ಮೈಲಿ ನಡೆಯಬೇಕು ಎಂದಳು. ಹೆಸರಿನ ಮುಂದೆ 'ಬಸ್ಸು' ಎಂದು ಬರೆದೆ.